ಬೆಳ್ಳಿಯ ಮೇಲಣ ಎರಡಕ್ಷರ

ಇಂಗ್ಲೆಂಡಿನ ಹಳೆಯ ಬೆಳ್ಳಿ ಚಮಚವೊಂದನ್ನು ಮಗುಚಿ, ಅದರ ಹಿಡಿಯ ಹಿಂಬದಿಯನ್ನು ಕಿಟಕಿಯ ಬೆಳಕಿಗೆ ಒಡ್ಡಿದರೆ, ಎಳ್ಳುಕಾಳಿಗಿಂತ ತುಸುವೇ ದೊಡ್ಡವಾದ ಐದು ಚಿಹ್ನೆಗಳು ಸಾಲಾಗಿ ಒತ್ತಿರುವುದು ಕಾಣುತ್ತದೆ: ಮುಂಗಾಲೆತ್ತಿ ನಡೆಯುತ್ತಿರುವ ಒಂದು ಸಿಂಹ, ಕಿರೀಟ ಧರಿಸಿದ ಒಂದು ಚಿರತೆಯ ಮುಖ, ‘ಎಂ’ ಎಂಬ ಒಂಟಿ ಚಿಕ್ಕಕ್ಷರ, ಪಕ್ಕಕ್ಕೆ ತಿರುಗಿದ ಒಬ್ಬ ಅರಸನ ತಲೆ, ಇವುಗಳ ಜತೆಗೆ ಪುಟ್ಟ ಚೌಕಟ್ಟೊಂದರೊಳಗೆ ಕೂಡುಬರಹದಲ್ಲಿ ‘ಎಚ್ ಬಿ’ ಎಂಬ ಎರಡಕ್ಷರ. ನೋಡಿದವರ ಕಣ್ಣು ಮೊದಲು ಹರಿಯುವುದು ಆ ಎರಡಕ್ಷರಗಳ ಕಡೆಗೆ. ವಸ್ತುವನ್ನು ಮಾಡಿದವರು ಯಾರು, ಅವರ ಹೆಸರೇನು, ಅವರು ಯಾವ ಬೀದಿಯಲ್ಲಿ ಬಾಳಿದರು ಎಂಬ ಕುತೂಹಲ ಮನುಷ್ಯನಿಗೆ ಸಹಜವಾದದ್ದು; ಆ ಕುತೂಹಲವೇ ಬೆಳ್ಳಿಯ ಸಂಗ್ರಹಕಾರನನ್ನು ಮಾರುಕಟ್ಟೆಯ ತೂಕದ ಲೆಕ್ಕದಿಂದ ಬಿಡಿಸಿ ಚರಿತ್ರೆಯ ಅಂಗಳಕ್ಕೆ ಕರೆದೊಯ್ಯುತ್ತದೆ.

ಆದರೆ ಮೊದಲು ಕಣ್ಣಿಗೆ ಬೀಳುವ ಈ ಕರ್ತೃಮುದ್ರೆಯನ್ನೇ ಕಟ್ಟಕಡೆಗೆ ಓದತಕ್ಕದ್ದು. ಅನುಭವಿಗಳು ಕಷ್ಟಪಟ್ಟು ಕಲಿತ ಪಾಠ ಇದೊಂದೇ. ಈ ಲೇಖನ ಹೇಳಹೊರಟಿರುವುದೂ ಇದನ್ನೇ. ಎರಡಕ್ಷರಗಳು ತಮ್ಮಷ್ಟಕ್ಕೆ ಯಾರ ಹೆಸರನ್ನೂ ಹೇಳುವುದಿಲ್ಲ. ಲಂಡನ್ ನಗರವೊಂದರಲ್ಲಿಯೇ ಎರಡು ಮೂರು ಶತಮಾನಗಳಲ್ಲಿ ಸಾವಿರಾರು ಮುದ್ರೆಗಳು ನೋಂದಣಿಯಾಗಿರುವಾಗ, ಒಂದೇ ಜೋಡಿ ಅಕ್ಷರ ಹತ್ತಾರು ಜನರಿಗೆ ಸಲ್ಲುವುದು ಅನಿವಾರ್ಯ. ಊರು ಯಾವುದು, ವರ್ಷ ಯಾವುದು ಎಂಬುದು ಗೊತ್ತಾದ ಮೇಲೆಯೇ ಆ ಗುಂಪು ಕರಗುತ್ತ ಕರಗುತ್ತ ಒಬ್ಬ ವ್ಯಕ್ತಿ ನಮ್ಮೆದುರಿಗೆ ನಿಲ್ಲುವುದು.

ಸಭಾಗೃಹದ ಗುರುತು

ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡನೆಂಬ ನಮ್ಮ ಗಾದೆಯಲ್ಲಿ ಅಡಗಿರುವ ಸಂದೇಹ ಯಾವುದೊಂದು ನಾಡಿನ ಸೊತ್ತೂ ಅಲ್ಲ. ಬೆಳ್ಳಿಗೆ ತಾಮ್ರವನ್ನು ಎಷ್ಟು ಬೆರಸಿದೆಯೆಂಬುದು ಕಣ್ಣಿಗೆ ಕಾಣುವ ವಿಷಯವಲ್ಲವಾದುದರಿಂದ, ಕೊಳ್ಳುವವನನ್ನು ಕಾಯುವ ಹೊಣೆಯನ್ನು ಇಂಗ್ಲೆಂಡಿನಲ್ಲಿ ಬಹು ಹಿಂದೆಯೇ ರಾಜಶಾಸನ ವಹಿಸಿಕೊಂಡಿತು. 1300ರಲ್ಲಿ ಮೊದಲನೆಯ ಎಡ್ವರ್ಡನ ಶಾಸನ, ಬೆಳ್ಳಿಯ ವಸ್ತುಗಳೆಲ್ಲ ಸ್ಟರ್ಲಿಂಗ್ ಶುದ್ಧಿಯವಾಗಿರಬೇಕೆಂದೂ, ಪರೀಕ್ಷೆಯಲ್ಲಿ ಗೆದ್ದ ವಸ್ತುವಿಗೆ ಚಿರತೆಯ ತಲೆಯ ಗುರುತನ್ನು ಒತ್ತಬೇಕೆಂದೂ ವಿಧಿಸಿತು. ಸ್ಟರ್ಲಿಂಗ್ ಎಂದರೆ 12 ಔನ್ಸಿನ ಒಂದು ಟ್ರಾಯ್ ಪೌಂಡಿನಲ್ಲಿ 11 ಔನ್ಸು 2 ಪೆನ್ನಿವೇಟು ಅಪ್ಪಟ ಬೆಳ್ಳಿ. ಇಂದಿನ ಲೆಕ್ಕದಲ್ಲಿ ಸಾವಿರಕ್ಕೆ 925 ಭಾಗ. 1363ರಲ್ಲಿ ಪ್ರತಿಯೊಬ್ಬ ಯಜಮಾನ ಅಕ್ಕಸಾಲಿಯೂ ತನ್ನದೇ ಆದ ಗುರುತನ್ನು ಹೊಂದಿರತಕ್ಕದ್ದೆಂಬ ವಿಧಿ ಬಂದಿತು. ಕರ್ತೃಮುದ್ರೆಯ ಜನನ ಅಂದು. ಅಕ್ಷರ ಬಲ್ಲವರು ಕೆಲವರೇ ಆಗಿದ್ದ ಆ ಕಾಲದಲ್ಲಿ ಮೀನು, ಹೂವು, ನಕ್ಷತ್ರಗಳಂಥ ಚಿತ್ರಗಳೇ ಗುರುತುಗಳಾಗಿ ಸಲ್ಲುತ್ತಿದ್ದುವು; ಹೆಸರಿನ ಮೊದಲಕ್ಷರಗಳು ಕ್ರಮೇಣ ಆ ಸ್ಥಾನವನ್ನು ಪಡೆದುವು.

1478ರಲ್ಲಿ ಲಂಡನ್ನಿನ ಅಕ್ಕಸಾಲಿಗರ ಸಂಘ ತನ್ನ ಸಭಾಗೃಹದಲ್ಲಿಯೇ ಪರೀಕ್ಷೆ ನಡೆಸುವ ಏರ್ಪಾಡು ಮಾಡಿ, ವರ್ಷವರ್ಷವೂ ಬದಲಾಗುವ ಒಂದು ಅಕ್ಷರವನ್ನು ಒತ್ತತೊಡಗಿತು. ಮುಂದೆ ಬರಲಿರುವ ಸಂಗ್ರಹಕಾರರಿಗೆ ತಾರೀಖು ತಿಳಿಯಲೆಂದು ಮಾಡಿದ ಏರ್ಪಾಡಲ್ಲ ಅದು. ಕೀಳುಬೆಳ್ಳಿ ಮುದ್ರೆ ಪಡೆದು ಹೊರಬಿದ್ದರೆ, ಆ ವರ್ಷ ಪರೀಕ್ಷೆಯ ಅಧಿಕಾರಿಯಾಗಿದ್ದವನು ಯಾರೆಂದು ಹಿಡಿದು ಕೇಳುವುದಕ್ಕಾಗಿ ಮಾಡಿದ್ದು. ನಮ್ಮ ಊರುಗಳ ಚಿನ್ನದಂಗಡಿಗಳಲ್ಲಿ ಇಂದು ಹೆಂಗಸರು ಗಂಡಸರೆನ್ನದೆ ಎಲ್ಲರೂ ಕೇಳಿ ಕೊಳ್ಳುವ ‘ಹಾಲ್‌ಮಾರ್ಕ್’ ಎಂಬ ಮಾತು ಹುಟ್ಟಿದ್ದು ಆ ಸಭಾಗೃಹದಿಂದ. ಸಭಾಗೃಹ ಹಾಕಿದ ಗುರುತು ಎಂಬುದೇ ಅದರ ಅರ್ಥ. ಆದುದರಿಂದ ಈ ಚಿಹ್ನೆಗಳಲ್ಲಿ ಯಾವುದನ್ನೂ ಅಲಂಕಾರವೆಂದಾಗಲಿ ಕಲಾವಿದನ ಸಹಿಯೆಂದಾಗಲಿ ಭಾವಿಸದೆ, ಪ್ರತಿಯೊಂದೂ ಒಬ್ಬೊಬ್ಬ ಹೊಣೆಗಾರನ ಜಾಮೀನೆಂದು ಬಗೆದು ನೋಡಿದರೆ ಓದು ಸುಗಮವಾಗುತ್ತದೆ.

ನೋಡುವ ಬಗೆ

ಇದಕ್ಕೆ ಬೇಕಾದ ಸಲಕರಣೆ ಸ್ವಲ್ಪವೇ: ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಒಂದು ಭೂತಗನ್ನಡಿ, ಮೃದುವಾದ ಬಟ್ಟೆ, ಸೀಸದಕಡ್ಡಿ, ಒಂದು ಟಿಪ್ಪಣಿ ಪುಸ್ತಕ. ಬೆಳಕು ನೆತ್ತಿಯ ಮೇಲಿನಿಂದ ಬಿದ್ದರೆ ಬೆಳ್ಳಿ ಥಳಥಳಿಸಿ ಕಣ್ಣು ಕುಕ್ಕುತ್ತದೆ; ಪಕ್ಕದಿಂದ ಓರೆಯಾಗಿ ಬೀಳುವಂತೆ ಹಿಡಿದರೆ ಸವೆದ ಮುದ್ರೆಯ ತಗ್ಗುಗಳಲ್ಲಿಯೂ ನೆರಳು ಕೂತು ಗೆರೆಗಳು ಎದ್ದುಬರುತ್ತವೆ. ಹೊಳಪಿಗಾಗಿ ಪುಡಿ ಹಚ್ಚಿ ಉಜ್ಜುವ ಕೆಲಸವನ್ನು ಮಾತ್ರ ಮಾಡಕೂಡದು. ಇನ್ನೂರು ವರ್ಷಗಳ ಉಜ್ಜುವಿಕೆಯಿಂದ ಬಳಲಿರುವ ಮುದ್ರೆಗೆ ಇನ್ನೊಂದು ಉಜ್ಜು ಕೊನೆಯದಾಗಬಹುದು. ಹಾಗೆ ಅಳಿದ ಸಾಕ್ಷ್ಯ ಮತ್ತೆ ಹುಟ್ಟುವುದಿಲ್ಲ.

ಮುದ್ರೆಯ ಸ್ಥಾನವೂ ಒಂದು ಮಾತನ್ನು ಹೇಳುತ್ತದೆ. ಚಮಚಗಳಲ್ಲಿ ಸುಮಾರು 1780ರವರೆಗೆ ಮುದ್ರೆಗಳನ್ನು ಬಟ್ಟಲಿನ ಸಮೀಪದಲ್ಲಿ, ಹಿಡಿಯ ಕಿರಿದಾದ ಭಾಗದಲ್ಲಿ ಒತ್ತುತ್ತಿದ್ದರು. ಆ ಇಕ್ಕಟ್ಟಿನಲ್ಲಿ ಏಟು ಬಿದ್ದು ಹಿಡಿ ಸೊಟ್ಟಗಾದಾಗ ಸುತ್ತಿಗೆಯಿಂದ ಸರಿಪಡಿಸಬೇಕಾಗಿ ಬಂದು, ಮುದ್ರೆಗಳು ಹಿಗ್ಗಿಯೋ ಕುಗ್ಗಿಯೋ ಹೋಗಿರುವುದುಂಟು. ಅನಂತರದ ಕಾಲದಲ್ಲಿ ಅವು ಹಿಡಿಯ ಅಗಲವಾದ ತುದಿಯತ್ತ ಸರಿದುವು. ಚಹದ ಕುಡಿಕೆ, ತಟ್ಟೆ, ಹೂಜಿಗಳಲ್ಲಿ ತಳವನ್ನು ನೋಡಬೇಕು. ಮುಚ್ಚಳ, ಹಿಡಿಗಳಂಥ ಬಿಡಿಭಾಗಗಳಿದ್ದರೆ ಅವುಗಳ ಮೇಲೆಯೂ ಸಿಂಹದ ಗುರುತೋ ಕರ್ತೃಮುದ್ರೆಯೋ ಇದೆಯೇ ಎಂದು ಹುಡುಕಬೇಕು. ಪಾತ್ರೆಯ ಮೇಲೆ ಒಬ್ಬನ ಅಕ್ಷರ, ಮುಚ್ಚಳದ ಮೇಲೆ ಮತ್ತೊಬ್ಬನ ಅಕ್ಷರ ಇದ್ದರೆ ಅವೆರಡೂ ಹುಟ್ಟಿನಿಂದ ಜತೆಯಾದುವಲ್ಲವೆಂದು ತಿಳಿಯಬಹುದು.

ಕಂಡದ್ದನ್ನು ಕಂಡ ಹಾಗೆಯೇ ಬರೆದುಕೊಳ್ಳಬೇಕು: ಅಕ್ಷರ ಮಾತ್ರವಲ್ಲದೆ ಅದರ ಸುತ್ತಲಿನ ಚೌಕಟ್ಟು ಆಯತವೇ, ಅಂಡಾಕಾರವೇ, ಗುರಾಣಿಯಂತಿದೆಯೇ, ಮೂಲೆ ಕತ್ತರಿಸಿದೆಯೇ, ಅಕ್ಷರಗಳ ನಡುವೆ ಚುಕ್ಕಿಯುಂಟೇ ಎಂಬುದನ್ನೆಲ್ಲ ಚಿತ್ರಿಸಿಕೊಳ್ಳಬೇಕು. ಪುಸ್ತಕವನ್ನು ಮೊದಲು ತೆರೆದವನ ಕಣ್ಣು ಪುಸ್ತಕದಲ್ಲಿರುವುದನ್ನೇ ಬೆಳ್ಳಿಯ ಮೇಲೂ ಕಾಣುತ್ತದೆ. ಆದ್ದರಿಂದ ಚಿತ್ರ ಮೊದಲು, ಪುಸ್ತಕ ಆಮೇಲೆ.

ನಾಲ್ವರು ಸಾಕ್ಷಿಗಳು

ಕರ್ತೃವಿನ ಹೆಸರು ಹಿಡಿಯುವ ಮುನ್ನ ವಿಚಾರಿಸಬೇಕಾದ ಸಾಕ್ಷಿಗಳು ನಾಲ್ಕು: ಶುದ್ಧಿ, ಊರು, ವರ್ಷ, ಸುಂಕ.

ಶುದ್ಧಿಯ ಸಾಕ್ಷಿ ಇಂಗ್ಲೆಂಡಿನಲ್ಲಿ ನಡೆಯುವ ಸಿಂಹ. 1544ರಲ್ಲಿ ಲಂಡನ್ನಿನಲ್ಲಿ ಬಳಕೆಗೆ ಬಂದ ಈ ಸಿಂಹ, 1820ರ ದಶಕದ ಆರಂಭದ ತನಕ ಮುಖವನ್ನು ನಮ್ಮತ್ತ ತಿರುಗಿಸಿ ನಡೆಯುತ್ತಿತ್ತು, ಅನಂತರ ನೇರವಾಗಿ ಮುಂದೆ ನೋಡುತ್ತ ನಡೆಯಿತು. ನಡುವೆ ಒಂದು ವಿಶೇಷ ಕಾಲ ಬಂದುಹೋಯಿತು. ನಾಣ್ಯಗಳ ಅಂಚನ್ನು ಕತ್ತರಿಸಿ, ಕರಗಿಸಿ ಪಾತ್ರೆ ಮಾಡುವ ಹಾವಳಿಯನ್ನು ತಡೆಯಲೆಂದು, 1697ರಿಂದ 1720ರವರೆಗೆ ಪಾತ್ರೆಯ ಬೆಳ್ಳಿ ನಾಣ್ಯದ ಬೆಳ್ಳಿಗಿಂತ ಶುದ್ಧವಾಗಿ, 12 ಔನ್ಸಿಗೆ 11 ಔನ್ಸು 10 ಪೆನ್ನಿವೇಟಿನಂತೆ ಇರತಕ್ಕದ್ದೆಂದು ಶಾಸನವಾಯಿತು. ಆ ಅವಧಿಯ ವಸ್ತುಗಳಲ್ಲಿ ಕುಳಿತ ಬ್ರಿಟಾನಿಯ ದೇವಿಯ ಮೂರ್ತಿಯೂ, ಕುತ್ತಿಗೆಯ ಬಳಿ ಹರಿದಂತೆ ಕಾಣುವ ಸಿಂಹದ ತಲೆಯೂ ಇರುತ್ತವೆ. 1720ರಲ್ಲಿ ಸ್ಟರ್ಲಿಂಗ್ ಮರಳಿ ಬಂದಮೇಲೂ ಈ ಮೇಲ್ತರದ ಬೆಳ್ಳಿ ಇಷ್ಟವುಳ್ಳವರ ಆಯ್ಕೆಗೆ ಉಳಿಯಿತು.

ಊರಿನ ಸಾಕ್ಷಿಯಲ್ಲಿ ಲಂಡನ್ನಿಗೆ ಚಿರತೆಯ ತಲೆ. 1821ರ ತನಕ ಕಿರೀಟಸಹಿತ, ಆಮೇಲೆ ಕಿರೀಟರಹಿತ. 1773ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಷೆಫೀಲ್ಡ್ ನಗರಗಳಿಗೆ ಸ್ವಂತ ಪರೀಕ್ಷಾಲಯಗಳು ದೊರೆತುವು. ಮೊದಲನೆಯದಕ್ಕಾಗಿ ಪಾರ್ಲಿಮೆಂಟಿನ ಮುಂದೆ ಹೋರಾಡಿದವನು ಮುಂದೆ ಉಗಿಯಂತ್ರದ ವ್ಯವಹಾರದಲ್ಲಿ ಜೇಮ್ಸ್ ವಾಟನ ಪಾಲುದಾರನಾದ ಮ್ಯಾಥ್ಯೂ ಬೋಲ್ಟನ್. ಬರ್ಮಿಂಗ್‌ಹ್ಯಾಮಿನ ಗುರುತು ಲಂಗರು. ಷೆಫೀಲ್ಡಿನದು ಕಿರೀಟ, 1975ರಿಂದೀಚೆಗೆ ಗುಲಾಬಿ. ಸಮುದ್ರವೇ ಇಲ್ಲದ ಬರ್ಮಿಂಗ್‌ಹ್ಯಾಮಿಗೆ ಲಂಗರು ಬಂದುದೇಕೆಂಬ ಪ್ರಶ್ನೆಗೆ, ಎರಡೂ ಊರಿನ ಪ್ರತಿನಿಧಿಗಳು ಲಂಡನ್ನಿನ ‘ಕ್ರೌನ್ ಅಂಡ್ ಆಂಕರ್’ ಎಂಬ ಭೋಜನಗೃಹದಲ್ಲಿ ಸೇರುತ್ತಿದ್ದರೆಂಬ ಐತಿಹ್ಯವನ್ನು ಉತ್ತರವಾಗಿ ಹೇಳುತ್ತಾರೆ. ಚೆಸ್ಟರಿನ ಮುದ್ರೆ ಮೂರು ಗೋದಿಯ ಸಿವುಡುಗಳ ನಡುವೆ ಕತ್ತಿ; ಆ ಪರೀಕ್ಷಾಲಯ 1962ರಲ್ಲಿ ಮುಚ್ಚಿತು. ನ್ಯೂಕ್ಯಾಸಲಿನದು ಮೂರು ಕೋಟೆ, ಎಕ್ಸೆಟರಿನದು ಮೂರು ಗೋಪುರಗಳ ಒಂದೇ ಕೋಟೆ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಮುದ್ರೆಯೂ ಮೂರು ಗೋಪುರಗಳ ಕೋಟೆಯೇ ಆದುದರಿಂದ ಇಲ್ಲಿ ಎಡವುವವರು ಬಹಳ. ಜತೆಯಲ್ಲಿ ಸಿಂಹ ನಡೆಯುತ್ತಿದ್ದರೆ ಎಕ್ಸೆಟರೆಂದೂ, 1759ರಿಂದ ಮೊದಲಾಗಿ ಕಾಣುವ ಮುಳ್ಳುಗಿಡದ ಹೂವಿನ ಗುರುತಿದ್ದರೆ ಎಡಿನ್‌ಬರೋ ಎಂದೂ ತೀರ್ಮಾನಿಸಬಹುದು. ಗ್ಲಾಸ್ಗೋ ನಗರ ತನ್ನ ಲಾಂಛನದ ಮರ, ಹಕ್ಕಿ, ಗಂಟೆ, ಮೀನುಗಳನ್ನೆಲ್ಲ ಒಂದೇ ಮುದ್ರೆಯಲ್ಲಿ ಅಡಕಮಾಡಿತು. ಅದರ ಪರೀಕ್ಷಾಲಯ 1819ರಿಂದ 1964ರವರೆಗೆ ನಡೆಯಿತು.

ವರ್ಷದ ಸಾಕ್ಷಿಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಎಲ್ಲಕ್ಕಿಂತ ಮೋಸಗೊಳಿಸುವಂಥದ್ದು. ಲಂಡನ್ನಿನಲ್ಲಿ ‘ಎ’ಯಿಂದ ‘ಯು’ ವರೆಗೆ, ‘ಜೆ’ಯನ್ನು ಬಿಟ್ಟು, ಇಪ್ಪತ್ತು ಅಕ್ಷರಗಳ ಚಕ್ರ; ಒಂದು ಚಕ್ರ ಮುಗಿದೊಡನೆ ಅಕ್ಷರದ ಶೈಲಿಯನ್ನೋ ಚೌಕಟ್ಟನ್ನೋ ಬದಲಿಸಿ ಮತ್ತೆ ‘ಎ’ಯಿಂದ ಆರಂಭ. ಅಕ್ಷರ ಬದಲಾಗುತ್ತಿದ್ದುದು ಜನವರಿಯಲ್ಲಲ್ಲ, ಮೇ ತಿಂಗಳಿನಲ್ಲಿ. ಹೀಗಾಗಿ 1975ಕ್ಕೆ ಮುಂಚಿನ ಒಂದೊಂದು ಅಕ್ಷರವೂ ಎರಡೆರಡು ವರ್ಷಗಳ ತುಣುಕನ್ನು ಒಳಗೊಂಡಿರುತ್ತದೆ. ಷೆಫೀಲ್ಡಿನಲ್ಲಂತೂ 1824ರವರೆಗೆ ಅಕ್ಷರಗಳು ವರ್ಣಮಾಲೆಯ ಕ್ರಮವನ್ನೇ ಅನುಸರಿಸಲಿಲ್ಲ. ಊರು ತಿಳಿಯದೆ ವರ್ಷಾಕ್ಷರವನ್ನು ಓದಕೂಡದೆಂಬ ನಿಯಮ ಇದರಿಂದಲೇ ಹುಟ್ಟಿತು.

ನಾಲ್ಕನೆಯದು ಸುಂಕದ ಸಾಕ್ಷಿ. 1784ರ ಡಿಸೆಂಬರಿನಿಂದ 1890ರ ತನಕ, ಬೆಳ್ಳಿಯ ಮೇಲಿನ ಸುಂಕ ಸಂದಿದೆಯೆಂಬುದಕ್ಕೆ ಗುರುತಾಗಿ ಆಳುವ ದೊರೆಯ ತಲೆಯನ್ನು ಒತ್ತುತ್ತಿದ್ದರು. ಮೊದಲ ಒಂದೂವರೆ ವರ್ಷ ಮೂರನೆಯ ಜಾರ್ಜನ ತಲೆ ತಗ್ಗಾಗಿ ಕೊರೆದಂತೆ ಎಡಕ್ಕೆ ಮುಖ ಮಾಡಿತ್ತು. 1786ರಿಂದ ಉಬ್ಬಾಗಿ ಬಲಕ್ಕೆ ತಿರುಗಿತು. ವಿಕ್ಟೋರಿಯ ರಾಣಿಯ ತಲೆಯಿದ್ದರೆ 1837ಕ್ಕೂ 1890ಕ್ಕೂ ನಡುವಣ ಕಾಲ. ತಲೆಯೇ ಇಲ್ಲದಿದ್ದರೆ ವಸ್ತು ಬಹುಮಟ್ಟಿಗೆ 1784ಕ್ಕೆ ಹಿಂದಿನದು, ಇಲ್ಲವೆ 1890ಕ್ಕೆ ಈಚಿನದು. ಒಂದೇ ನೋಟದಲ್ಲಿ ಶತಮಾನವನ್ನು ಹೇಳಿಬಿಡುವ ಸಾಕ್ಷಿ ಇದು.

ಕರ್ತೃಮುದ್ರೆಯ ಅಂಗಾಂಗಗಳು

ಈ ನಾಲ್ವರ ಹೇಳಿಕೆಯನ್ನು ಪಡೆದಮೇಲೆ ಎರಡಕ್ಷರಗಳ ಬಳಿಗೆ ಬರೋಣ. ಇಲ್ಲಿ ಮೂರು ಶಾಸನಗಳನ್ನು ನೆನಪಿಟ್ಟರೆ ಅರ್ಧ ದಾರಿ ಕ್ರಮಿಸಿದಂತೆಯೇ. 1697ರ ಶಾಸನ, ಬ್ರಿಟಾನಿಯ ಬೆಳ್ಳಿಯ ಮೇಲಿನ ಮುದ್ರೆಯಲ್ಲಿ ಮನೆತನದ ಹೆಸರಿನ ಮೊದಲ ಎರಡಕ್ಷರಗಳು ಇರತಕ್ಕದ್ದೆಂದು ವಿಧಿಸಿತು. 1720ರಲ್ಲಿ ಸ್ಟರ್ಲಿಂಗ್ ಮರಳಿದಾಗ, ಸ್ವಂತ ಹೆಸರು ಮತ್ತು ಮನೆತನದ ಹೆಸರುಗಳ ಒಂದೊಂದು ಅಕ್ಷರದ ಹಳೆಯ ಪದ್ಧತಿ ಅದರೊಡನೆ ಮರಳಿತು. 1739ರಲ್ಲಿ, ಹಳೆಯ ಅಚ್ಚುಮೊಳೆಗಳನ್ನೆಲ್ಲ ನಾಶಪಡಿಸಿ, ಹಿಂದೆ ಬಳಸುತ್ತಿದ್ದ ಶೈಲಿಗಿಂತ ಭಿನ್ನವಾದ ಅಕ್ಷರಗಳಲ್ಲಿ ಹೊಸ ಮುದ್ರೆಗಳನ್ನು ನೋಂದಾಯಿಸಬೇಕೆಂಬ ಆಜ್ಞೆ ಜಾರಿಗೆ ಬಂದಿತು. ನೆಟ್ಟಗಿನ ಅಕ್ಷರಗಳನ್ನು ಬಳಸುತ್ತಿದ್ದ ಅನೇಕರು ಕೂಡುಬರಹಕ್ಕೆ ಹೊರಳಿದ್ದು ಆಗಲೇ.

ಪಾಲ್ ಡಿ ಲಾಮರಿಯ ಮೂರು ಮುದ್ರೆಗಳು ಈ ಚರಿತ್ರೆಯನ್ನೆಲ್ಲ ಬೆರಳುಗುರಿನಷ್ಟು ಜಾಗದಲ್ಲಿ ತೋರಿಸುತ್ತವೆ. ಮತೀಯ ಹಿಂಸೆಗೆ ಸಿಕ್ಕಿ ಫ್ರಾನ್ಸನ್ನು ತೊರೆದ ಹ್ಯೂಗೆನಾಟ್ ವಂಶದಲ್ಲಿ ಜನಿಸಿ, ಲಂಡನ್ನಿನಲ್ಲಿ ಕಸುಬು ಕಲಿತು, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಅಗ್ರಗಣ್ಯ ಬೆಳ್ಳಿ ಕೆಲಸಗಾರನೆನಿಸಿದ ಈತ, 1713ರಲ್ಲಿ ನೋಂದಾಯಿಸಿದ ಮುದ್ರೆಯಲ್ಲಿ ‘ಎಲ್ ಎ’ ಎಂದಿದೆ: ಮೇಲೆ ಕಿರೀಟ ಮತ್ತು ನಕ್ಷತ್ರ, ಕೆಳಗೆ ಫ್ರಾನ್ಸಿನ ಲಿಲ್ಲಿ ಹೂವು. ಸ್ಟರ್ಲಿಂಗ್ ಮರಳಿದಮೇಲೂ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಮೇಲ್ತರದ ಬೆಳ್ಳಿಯನ್ನೇ ಹಿಡಿದಿದ್ದ ಆತ, 1733ರಲ್ಲಿ ‘ಪಿ ಎಲ್’ ಎಂಬ ಮುದ್ರೆಯನ್ನು ಪಡೆದನು. 1739ರಲ್ಲಿ ಅದೇ ‘ಪಿ ಎಲ್’ ಕೂಡುಬರಹಕ್ಕೆ ತಿರುಗಿತು. ಆ ಒಬ್ಬನ ಮುದ್ರೆಯ ರೂಪವನ್ನು ಕಂಡೊಡನೆಯೇ ಪಾತ್ರೆಯ ಕಾಲ ಸ್ಥೂಲವಾಗಿ ಗೊತ್ತಾಗುತ್ತದೆ.

ಅಕ್ಷರಗಳ ಸುತ್ತಣ ಚಿಕ್ಕ ಚಿತ್ರಗಳನ್ನು ಉಪೇಕ್ಷಿಸಬಾರದು. ಫ್ರೆಂಚ್ ಮೂಲದವರು ಕಿರೀಟ, ಲಿಲ್ಲಿ ಹೂವುಗಳನ್ನು ಇರಿಸಿಕೊಳ್ಳುವುದು ವಾಡಿಕೆ. ಸೈಮನ್ ಪ್ಯಾಂಟಿನ್ ಎಂಬವನ ‘ಪಿ ಎ’ ಅಕ್ಷರಗಳ ಮೇಲೆ ನವಿಲೊಂದು ನಿಂತಿದೆ. ವಿಧವೆಯಾಗಿ ಗಂಡನ ಕಾರ್ಯಾಗಾರವನ್ನು ನಡೆಸಿದ ಹೆಂಗಸರು ತಮ್ಮ ಅಕ್ಷರಗಳನ್ನು ವಜ್ರಾಕೃತಿಯ ಚೌಕಟ್ಟಿನಲ್ಲಿ ಇಟ್ಟುಕೊಂಡದ್ದುಂಟು, ಎಲ್ಲರೂ ಅಲ್ಲ. ಪಾಲುದಾರರ ಮುದ್ರೆಯಲ್ಲಿ ಒಬ್ಬನ ಅಕ್ಷರಗಳ ಕೆಳಗೆ ಇನ್ನೊಬ್ಬನವು ಬರುತ್ತವೆ. ಹಳೆಯ ಮುದ್ರೆಗಳಲ್ಲಿ ‘ಜೆ’ಯ ಬದಲಿಗೆ ‘ಐ’ ಬರುವುದೆಂಬುದನ್ನು ಮನಸ್ಸಿನಲ್ಲಿ ಕೆತ್ತಿಕೊಳ್ಳಬೇಕು: ಜಾನ್, ಜೇಮ್ಸ್, ಜೋಸೆಫ್, ಜೇನ್ ಎಲ್ಲರೂ ಅಲ್ಲಿ ‘ಐ’ಗಳೇ. ಇದನ್ನರಿಯದೆ ಐಸಾಕನನ್ನು ಹುಡುಕುತ್ತ ದಿನ ಕಳೆದವರು ಕಡಮೆಯಲ್ಲ.

ಹೆಸರು ಯಾರದು, ಕೈ ಯಾರದು

ಕರ್ತೃಮುದ್ರೆಯೆಂಬ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ತಪ್ಪಾದೀತು. ಮುದ್ರೆ ಯಾರದೋ ಆತ ಬೆಳ್ಳಿಯ ಶುದ್ಧಿಗೆ ಉತ್ತರವಾದಿ; ಸುತ್ತಿಗೆ ಹಿಡಿದ ಕೈ ಅವನದೇ ಆಗಬೇಕೆಂದಿಲ್ಲ. ಯಜಮಾನನ ಮುದ್ರೆಯ ಹಿಂದೆ ಕೂಲಿಯಾಳುಗಳು, ಶಿಷ್ಯರು, ಕೆತ್ತುವವರು, ಎರಕ ಹೊಯ್ಯುವವರು ಹೆಸರಿಲ್ಲದೆ ನಿಂತಿದ್ದಾರೆ. ಅರಮನೆಗೆ ಬೆಳ್ಳಿ ಒದಗಿಸುತ್ತಿದ್ದ ‘ರಂಡೆಲ್, ಬ್ರಿಜ್ ಅಂಡ್ ರಂಡೆಲ್’ ಅಂಗಡಿಗೆ ಪಾಲ್ ಸ್ಟಾರ್ ಕೆಲಸ ಮಾಡುತ್ತಿದ್ದಾಗ ಅಲ್ಲಿಯ ಭವ್ಯ ಪಾತ್ರೆಗಳ ಮೇಲೆ ಆತನ ‘ಪಿ ಎಸ್’ ಇರುತ್ತಿತ್ತು. 1819ರಲ್ಲಿ ಆತ ಅದನ್ನು ಬಿಟ್ಟೊಡನೆ ಅಂಗಡಿಯ ಯಜಮಾನ ಫಿಲಿಪ್ ರಂಡೆಲ್ ತನ್ನ ‘ಪಿ ಆರ್’ ಮುದ್ರೆಯನ್ನು ನೋಂದಾಯಿಸಿದನು. ವ್ಯಾಪಾರ ನಡೆಸುತ್ತಿದ್ದ ಆ ವೃದ್ಧ ಅಡಿಗಲ್ಲಿನ ಮುಂದೆ ಕುಳಿತು ಬೆಳ್ಳಿ ಬಡಿದನೆಂದು ಯಾರೂ ಭಾವಿಸಬೇಕಾಗಿಲ್ಲ. ಇಂದಿನ ಬ್ರಿಟಿಷ್ ಕಾನೂನು ಈ ಮುದ್ರೆಯನ್ನು ಮಾಡಿದವನ ಗುರುತೆನ್ನದೆ, ಪರೀಕ್ಷೆಗೆ ಸಲ್ಲಿಸಿದ ಹೊಣೆಗಾರನ ಗುರುತೆಂದು ಕರೆಯುವುದು ಹೆಚ್ಚು ಸತ್ಯವಾದದ್ದು. ಒಬ್ಬರಿಂದ ಕೊಂಡ ಸರಕಿನ ಮೇಲೆ ಮತ್ತೊಬ್ಬರು ತಮ್ಮ ಮುದ್ರೆಯನ್ನು ಒತ್ತಿ ಮೊದಲಿನದನ್ನು ಮುಚ್ಚಿರುವುದೂ ಉಂಟು. ಅಕ್ಷರದ ಹಿಂದೆ ಇನ್ನೊಂದು ಅಕ್ಷರದ ಬಾಲ ಇಣುಕಿದರೆ ಅದನ್ನು ಸಂಶಯಿಸಬೇಕು.

ಹೆಸರನ್ನು ಹುಡುಕುವ ಗ್ರಂಥಗಳಲ್ಲಿ ಚಾರ್ಲ್ಸ್ ಜಾಕ್ಸನ್ 1905ರಲ್ಲಿ ಪ್ರಕಟಿಸಿದ ಮಹಾಕೋಶ ಮೂಲಸ್ತಂಭದಂತಿದೆ. ಅದು ಮುಂದೆ ಪರಿಷ್ಕಾರಗೊಂಡು ಇಂದಿಗೂ ಸಂಗ್ರಹಕಾರರ ಮೇಜಿನ ಮೇಲಿದೆ. 1697ರಿಂದ 1837ರವರೆಗಿನ ಲಂಡನ್ನಿನ ಮುದ್ರೆಗಳಿಗೂ ಅವುಗಳ ಒಡೆಯರ ಜೀವನವೃತ್ತಾಂತಗಳಿಗೂ ಆರ್ಥರ್ ಗ್ರಿಮ್‌ವೇಡರು 1976ರಲ್ಲಿ ಹೊರತಂದ ಗ್ರಂಥ ಆಧಾರ. ಆದರೆ ಮೂಲದ ದಾಖಲೆಗಳೇ ಅಖಂಡವಾಗಿಲ್ಲ. 1681ರಲ್ಲಿ ಸಭಾಗೃಹದಲ್ಲಿ ಬಿದ್ದ ಬೆಂಕಿಗೆ ಹಳೆಯ ದಾಖಲೆಗಳು ಆಹುತಿಯಾದುವು. 1758ರಿಂದ 1773ರವರೆಗಿನ, ದೊಡ್ಡ ಪಾತ್ರೆಗಳನ್ನು ಮಾಡುವವರ ನೋಂದಣಿ ಪುಸ್ತಕ ಕಾಣೆಯಾಗಿದೆ. ಆ ಹದಿನೈದು ವರ್ಷಗಳ ಅನೇಕ ಮುದ್ರೆಗಳಿಗೆ ಹೆಸರು ಹೇಳುವುದೆಂದರೆ ಊಹೆಯೇ ಸರಿ. ಊಹೆಯನ್ನು ಊಹೆಯೆಂದೇ ಬರೆದಿಡುವುದು ಸಂಗ್ರಹಕಾರನ ಧರ್ಮ.

ಐರ್ಲೆಂಡಿನ ದಾರಿ

ಡಬ್ಲಿನ್ ನಗರದ ಅಕ್ಕಸಾಲಿಗರ ಸಂಘಕ್ಕೆ 1637ರಲ್ಲಿ ರಾಜಸನ್ನದು ದೊರೆಯಿತು. ಕಿರೀಟ ಧರಿಸಿದ ಕಿನ್ನರಿಯಂಥ ಹಾರ್ಪ್ ವಾದ್ಯ ಅಲ್ಲಿಯ ಶುದ್ಧಿಯ ಗುರುತು. 1730ರಿಂದ ಸುಂಕದ ಚಿಹ್ನೆಯಾಗಿ ಹೈಬರ್ನಿಯ ದೇವಿ ಬಂದಳು; 1807ರಲ್ಲಿ ದೊರೆಯ ತಲೆ ಸುಂಕದ ಕೆಲಸವನ್ನು ವಹಿಸಿಕೊಂಡಮೇಲೂ ಆಕೆ ಹೋಗದೆ ಡಬ್ಲಿನ್ನಿನ ಊರಗುರುತಾಗಿ ಉಳಿದಳು. ಹೈಬರ್ನಿಯಳನ್ನು ಬ್ರಿಟಾನಿಯಳೆಂದು ತಿಳಿದು, ಐರ್ಲೆಂಡಿನ ಬೆಳ್ಳಿಯನ್ನು ಲಂಡನ್ನಿಗೆ ಸೇರಿಸಿಬಿಡುವುದು ಹೊಸಬರ ಸಾಮಾನ್ಯ ಪ್ರಮಾದ. ಇಬ್ಬರೂ ಕುಳಿತ ಸ್ತ್ರೀಯರೇ. ಒಬ್ಬಳ ಪಕ್ಕದಲ್ಲಿ ಹಾರ್ಪ್, ಇನ್ನೊಬ್ಬಳ ಪಕ್ಕದಲ್ಲಿ ಗುರಾಣಿ. ಭೂತಗನ್ನಡಿಯಲ್ಲಿ ಅದನ್ನು ಗುರುತಿಸದೆ ಮುಂದುವರಿಯಬಾರದು.

ಡಬ್ಲಿನ್ನಿನಿಂದ ದೂರವಿದ್ದ ಕಾರ್ಕ್, ಲಿಮರಿಕ್ ಪಟ್ಟಣಗಳ ಕತೆ ಬೇರೆ. ಅಲ್ಲಿ ಪರೀಕ್ಷಾಲಯವಿರಲಿಲ್ಲ, ಬೆಳ್ಳಿಯನ್ನು ಹೇರಿಕೊಂಡು ರಾಜಧಾನಿಗೆ ಹೋಗಿಬರುವ ದಾರಿ ದೀರ್ಘವೂ ಅಪಾಯಕರವೂ ಆಗಿದ್ದಿತು. ಆದುದರಿಂದ ಅಲ್ಲಿಯ ಅಕ್ಕಸಾಲಿಗಳು ತಮ್ಮ ಅಕ್ಷರಗಳ ಪಕ್ಕದಲ್ಲಿ ‘ಸ್ಟರ್ಲಿಂಗ್’ ಎಂಬ ಪದವನ್ನೇ ಒತ್ತಿ, ತಮ್ಮ ಮಾತನ್ನೇ ಜಾಮೀನಾಗಿಟ್ಟರು. ಸ್ಪೇನಿನ ಡಾಲರ್ ನಾಣ್ಯಗಳನ್ನು ಕರಗಿಸಿ ಮಾಡಿದ ವಸ್ತುಗಳ ಮೇಲೆ ‘ಡಾಲರ್’ ಎಂದು ಒತ್ತಿದ್ದೂ ಉಂಟು. ವರ್ಷಾಕ್ಷರವಿಲ್ಲದ ಇಂಥ ಬೆಳ್ಳಿಯಲ್ಲಿ ಕಾಲನಿರ್ಣಯದ ಭಾರವೆಲ್ಲ ಕರ್ತೃಮುದ್ರೆಯ ಮೇಲೆಯೇ ಬೀಳುತ್ತದೆ. ‘ಸಿ ಟಿ’ ಎಂಬುದರೊಡನೆ ‘ಐ ಡಬ್ಲ್ಯು’ ಕಂಡರೆ, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಾರ್ಕಿನಲ್ಲಿ ಜತೆಯಾಗಿ ದುಡಿದ ಕಾರ್ಡೆನ್ ಟೆರಿ ಮತ್ತು ವಿಧವೆಯಾಗಿದ್ದ ಅವನ ಮಗಳು ಜೇನ್ ವಿಲಿಯಮ್ಸ್ ನೆನಪಾಗಬೇಕು. ಜೇನಳ ‘ಜೆ’ ಇಲ್ಲಿಯೂ ‘ಐ’ ಆಗಿದೆ. ಇದೇ ‘ಸ್ಟರ್ಲಿಂಗ್’ ಎಂಬ ಪದ ಅಮೆರಿಕದ ಬೆಳ್ಳಿಯ ಮೇಲೂ ಬರುವುದರಿಂದ, ಪದವನ್ನು ಕಂಡ ಮಾತ್ರಕ್ಕೆ ಕಾರ್ಕ್ ಎಂದು ಹಿಗ್ಗದೆ, ವಸ್ತುವಿನ ರೂಪವನ್ನೂ ಅಕ್ಷರಗಳನ್ನೂ ತಾಳೆ ನೋಡಬೇಕು.

ಮೋಸ ಹೋಗುವ ಎಡೆಗಳು

ಮೊದಲನೆಯ ಎಡೆ ಲೇಪದ ಬೆಳ್ಳಿಯದು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಬಂಧುಗಳು ವಿದ್ಯುತ್ತಿನಿಂದ ಬೆಳ್ಳಿಯ ಮೆರುಗು ಕೊಡುವ ವಿಧಾನಕ್ಕೆ ಹಕ್ಕುಪತ್ರ ಪಡೆದಮೇಲೆ, ಆ ಸಾಮಾನುಗಳು ಲೋಕವನ್ನೆಲ್ಲ ತುಂಬಿದುವು. ‘ಇ ಪಿ ಎನ್ ಎಸ್’ ಎಂಬ ನಾಲ್ಕಕ್ಷರಗಳನ್ನು ನಾಲ್ಕು ಬೇರೆ ಬೇರೆ ಗುರಾಣಿಗಳಲ್ಲಿ ಒತ್ತಿದರೆ ದೂರದಿಂದ ಅವು ಸಭಾಗೃಹದ ಗುರುತುಗಳಂತೆಯೇ ಕಾಣುತ್ತವೆ. ಅದು ನಿಕ್ಕಲ್ ಮಿಶ್ರಲೋಹದ ಮೇಲೆ ಬೆಳ್ಳಿಯ ಲೇಪ ಮಾತ್ರ. ನಡೆಯುವ ಸಿಂಹವಾಗಲಿ, ಸ್ಕಾಟ್ಲೆಂಡ್, ಐರ್ಲೆಂಡುಗಳ ಶುದ್ಧಿಯ ಗುರುತಾಗಲಿ ಇಲ್ಲದ ಕಡೆ ಎಚ್ಚರವಿರಲಿ.

ಎರಡನೆಯದು ಸಣ್ಣ ವಸ್ತುವಿನ ಮುದ್ರೆಗಳನ್ನು ಕತ್ತರಿಸಿ ದೊಡ್ಡ ವಸ್ತುವಿಗೆ ಬೆಸೆಯುವ ತಂತ್ರ. 1720ರಿಂದ 1758ರವರೆಗೆ ಬೆಳ್ಳಿಗೆ ಔನ್ಸಿಗೆ ಆರು ಪೆನ್ನಿ ಸುಂಕವಿದ್ದಾಗ, ಚಿಕ್ಕ ತಗಡೊಂದನ್ನು ಪರೀಕ್ಷೆಗೆ ಕಳಿಸಿ, ಅದರ ಮುದ್ರೆಯನ್ನು ಭಾರಿ ಪಾತ್ರೆಯ ತಳಕ್ಕೆ ಸೇರಿಸಿ ಸುಂಕ ತಪ್ಪಿಸಿದವರುಂಟು. ಪ್ರಸಿದ್ಧರ ಮುದ್ರೆಯನ್ನು ಹೀಗೆಯೇ ಕದ್ದು ಕೂಡಿಸಿದ ಈಚಿನ ವಂಚಕರೂ ಉಂಟು. ಇದನ್ನು ಕಂಡುಹಿಡಿಯಲು ಹಿರಿಯರು ಹೇಳುವ ಉಪಾಯ ಸರಳ: ಮುದ್ರೆಯ ಸುತ್ತ ಬಾಯಿಯಿಂದ ಬೆಚ್ಚನೆಯ ಉಸಿರನ್ನು ಊದಿರಿ. ಬೆಳ್ಳಿಯ ಮೇಲೆ ಮಂಜು ಕವಿದು ಆರುವ ಆ ಕ್ಷಣದಲ್ಲಿ, ಬೆಸುಗೆಯ ಗೆರೆಯಿದ್ದರೆ ಅದು ಕೂದಲೆಳೆಯಂತೆ ತೋರಿ ಮರೆಯಾಗುತ್ತದೆ. ಇಡೀ ಗೊಂಚಲು ಮುದ್ರೆಗಳ ಸುತ್ತ ವೃತ್ತವೋ ಚೌಕವೋ ಮೂಡಿದರೆ ಗುಟ್ಟು ರಟ್ಟಾದಂತೆ.

ಮೂರನೆಯದು ಎರಕದ ಖೋಟಾ ಮಾಲು. ಅಚ್ಚುಮೊಳೆಯಿಂದ ಒತ್ತಿದ ಮುದ್ರೆಯ ಅಂಚು ಚೂಪಾಗಿರುತ್ತದೆ. ಅಸಲಿ ಚಮಚದ ಮೇಲಿಂದ ಎರಕ ಹೊಯ್ದ ನಕಲಿನ ಮುದ್ರೆ ಸಾಬೂನು ಕರಗಿದಂತೆ ಮೆತ್ತಗಿದ್ದು, ಒಳಗೆ ಸಣ್ಣ ಸಣ್ಣ ಗುಳಿಗಳನ್ನು ತೋರಿಸುತ್ತದೆ. ಆರು ಚಮಚಗಳಲ್ಲಿಯೂ ಮುದ್ರೆಗಳ ಅಂತರ, ಓರೆ, ಕೊರತೆ ಕೂದಲಷ್ಟೂ ಬದಲಾಗದೆ ಒಂದೇ ರೀತಿಯಾಗಿದ್ದರೆ, ಒಂದೊಂದಾಗಿ ಕೈಯಿಂದ ಒತ್ತಿದುವಲ್ಲ ಅವು.

ನಮ್ಮ ನಾಡಿನ ಓದುಗರಿಗೆ ಇನ್ನೊಂದು ಮಾತು. ಬ್ರಿಟಿಷರ ಕಾಲದಲ್ಲಿ ಕಲ್ಕತ್ತದ ಹ್ಯಾಮಿಲ್ಟನ್, ಮದರಾಸಿನ ಪಿ. ಓರ್ ಮೊದಲಾದ ಅಂಗಡಿಗಳು ಇಲ್ಲಿಯೇ ಮಾಡಿಸಿ ಮಾರಿದ ಬೆಳ್ಳಿ ಸಾಮಾನುಗಳು ದಕ್ಷಿಣದ ಹಳೆಯ ಮನೆಗಳಲ್ಲಿ ದೊರೆತರೆ ಆಶ್ಚರ್ಯವಿಲ್ಲ. ಅವುಗಳ ಮೇಲಿರುವುದು ಅಂಗಡಿಯ ಹೆಸರು, ಕೆಲವೊಮ್ಮೆ ಇಂಗ್ಲೆಂಡಿನ ಗುರುತುಗಳನ್ನು ಹೋಲುವ ಚಿಹ್ನೆಗಳು. ಯಾವ ಸಭಾಗೃಹದ ಪರೀಕ್ಷೆಯೂ ಅವುಗಳ ಹಿಂದಿಲ್ಲ. ಅಷ್ಟಕ್ಕೆ ಅವು ಕೀಳೆಂದಲ್ಲ. ಅವುಗಳ ಚರಿತ್ರೆಯನ್ನು ಬೇರೆ ಪುಸ್ತಕದಲ್ಲಿ ಹುಡುಕಬೇಕೆಂದಷ್ಟೇ ಅರ್ಥ.

ಮೊದಲ ಚಮಚಕ್ಕೆ ಮರಳಿ

ಈಗ ಆರಂಭದಲ್ಲಿ ಕೈಗೆತ್ತಿಕೊಂಡ ಚಮಚಕ್ಕೆ ಹಿಂದಿರುಗೋಣ. ನಡೆಯುವ ಸಿಂಹ ಸ್ಟರ್ಲಿಂಗ್ ಎಂದಿತು. ಚಿರತೆಯ ತಲೆ ಲಂಡನ್ ಎಂದಿತು. ಲಂಡನ್ನಿನಲ್ಲಿ ‘ಎಂ’ ಎಂಬ ಚಿಕ್ಕಕ್ಷರ 1747, 1787, 1827, 1867, 1907 ಈ ಎಲ್ಲ ವರ್ಷಗಳಲ್ಲಿಯೂ ಬಂದಿದೆ. 1747ರಲ್ಲಿಯೂ 1907ರಲ್ಲಿಯೂ ಅರಸನ ತಲೆಯನ್ನು ಒತ್ತುತ್ತಿರಲಿಲ್ಲ, ಅವೆರಡೂ ಬಿದ್ದುಹೋದುವು. 1827ರಲ್ಲಿಯೂ 1867ರಲ್ಲಿಯೂ ತಲೆಯುಂಟು, ಆದರೆ ಚಿರತೆಗೆ ಕಿರೀಟವಿಲ್ಲ, ಅವೂ ಹೋದುವು. ಉಳಿದದ್ದು 1787ರ ಮೇ ತಿಂಗಳಿಂದ 1788ರ ಮೇ ತನಕದ ಒಂದು ವರ್ಷ. ಬಲಕ್ಕೆ ತಿರುಗಿದ ಉಬ್ಬುತಲೆ ಅದಕ್ಕೆ ಹೌದೆನ್ನುತ್ತದೆ. ಈಗ ಮಾತ್ರ ‘ಎಚ್ ಬಿ’ಯನ್ನು ಕೇಳಬಹುದು. ಆ ವರ್ಷ ಲಂಡನ್ನಿನಲ್ಲಿ, ಆ ಕೂಡುಬರಹದಲ್ಲಿ, ಆ ಅಕ್ಷರಗಳನ್ನು ಒತ್ತುತ್ತಿದ್ದವಳು ಬನ್‌ಹಿಲ್ ರೋ ಬೀದಿಯ ಹೆಸ್ಟರ್ ಬೇಟ್‌ಮನ್.

ಗಂಡ ತೀರಿಕೊಂಡ ಮರುವರ್ಷ, 1761ರಲ್ಲಿ, ಆಕೆ ತನ್ನ ಮುದ್ರೆಯನ್ನು ನೋಂದಾಯಿಸಿದಳು. ಸುಮಾರು ಮೂವತ್ತು ವರ್ಷ ಕಾರ್ಯಾಗಾರವನ್ನು ನಡೆಸಿ, 1790ರಲ್ಲಿ ಅದನ್ನು ಮಕ್ಕಳಿಗೆ ಒಪ್ಪಿಸಿದಳು. ಆಮೇಲಣ ಚಮಚಗಳಲ್ಲಿ ಆ ಮನೆತನದ ಸುಖದುಃಖಗಳೇ ಓದಸಿಗುತ್ತವೆ: ಪೀಟರ್ ಮತ್ತು ಜೋನಾಥನ್ ಸೋದರರ ಜೋಡಿ ಮುದ್ರೆ ನಡೆದದ್ದು ಕೆಲವೇ ತಿಂಗಳು, ಏಕೆಂದರೆ 1791ರಲ್ಲಿ ಜೋನಾಥನ್ ತೀರಿಕೊಂಡನು, ಒಡನೆಯೇ ಅವನ ವಿಧವೆ ಆ್ಯನಳ ಅಕ್ಷರಗಳು ಪೀಟರನ ಅಕ್ಷರಗಳ ಕೆಳಗೆ ಬಂದುವು, 1800ರಲ್ಲಿ ಅವಳ ಮಗ ವಿಲಿಯಮನ ಅಕ್ಷರಗಳು ಮೂರನೆಯ ಸಾಲಾಗಿ ಕೂಡಿದುವು, 1805ರಲ್ಲಿ ಆ್ಯನಳ ಸಾಲು ಇಲ್ಲವಾಯಿತು. ಒಂದು ಸಾವು, ಒಂದು ವೈಧವ್ಯ, ಒಬ್ಬ ಮಗನ ಪ್ರಾಪ್ತವಯಸ್ಸು, ಒಬ್ಬ ತಾಯಿಯ ವಿಶ್ರಾಂತಿ, ಇವೆಲ್ಲ ಅಕ್ಷರಗಳ ಸಾಲು ಹೆಚ್ಚು ಕಡಮೆಯಾಗುವುದರಲ್ಲಿ ಉಳಿದುಬಂದಿವೆ.

ಹೆಸ್ಟರಳಿಗೆ ಬರೆಯಲು ಬರುತ್ತಿರಲಿಲ್ಲವೆಂದು ಚರಿತ್ರಕಾರರು ಹೇಳುತ್ತಾರೆ. ತನ್ನ ಹೆಸರನ್ನು ಪೂರ್ತಿಯಾಗಿ ಬರೆಯಲಾರದ ಆ ತಾಯಿ, ತನ್ನ ಬೆಳ್ಳಿಗೆ ತಾನು ಹೊಣೆಯೆಂದು ಒತ್ತಿಸಿದ ಎರಡಕ್ಷರಗಳನ್ನು, ಅವಳು ಕಾಣದ ನಾಡುಗಳ ಜನ ಇಂದಿಗೂ ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಾರೆ. ಅವುಗಳನ್ನು ಸರಿಯಾಗಿ ಓದಬೇಕಾದರೆ ಸಿಂಹವನ್ನೂ ಚಿರತೆಯನ್ನೂ ವರ್ಷಾಕ್ಷರವನ್ನೂ ಅರಸನ ತಲೆಯನ್ನೂ ಮೊದಲು ಕೇಳಿ, ಆಮೇಲೆ ಅವಳ ಬಳಿಗೆ ಬರತಕ್ಕದ್ದು.